ಕೊಳವೆಗಳು ಕೂಡುವ ಜಾಗ: ಇಟಲಿಯ ಕಾರ್ಬನ್ ಸೈಕಲ್ ಕಥೆ

ಈ ತುಂಡನ್ನು ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸುತ್ತಾ ಹೋಗಿ. ಜೋಪಾನ ಅಂತೇನೂ ಬೇಡ, ಮುರಿಯುವಷ್ಟು ಆಗಲೇ ಮುರಿದಾಗಿದೆ. ಇದು ಒಂದು ಕಾರ್ಬನ್ ಸೈಕಲ್ಲಿನ ಕೊರಳು. ಹ್ಯಾಂಡಲ್ ಕೂರುವ ಕೊಳವೆಗೆ ಕೆಳಗಿನ ದಪ್ಪ ಕೊಳವೆ ಬಂದು ಸೇರುತ್ತದಲ್ಲ, ಆ ಜಾಗ. ಬಿದ್ದು ಹಾಳಾದ ಫ್ರೇಮನ್ನು ಗರಗಸದಲ್ಲಿ ಉದ್ದಕ್ಕೆ ಕೊಯ್ಸಿ ಇಟ್ಟುಕೊಂಡಿದ್ದೇನೆ. ಅಂಚಿನ ಮೇಲೆ ಬೆರಳಾಡಿಸಬೇಡಿ, ಕಾರ್ಬನ್ ಸಿಬಿರು ಚರ್ಮದೊಳಗೆ ಹೋದರೆ ತೆಗೆಯುವುದು ಕಷ್ಟ. ಸುಮ್ನೆ ಕಣ್ಣಲ್ಲಿ ನೋಡಿ. ಕೊಳವೆಯ ನಡುವೆ ಗೋಡೆ ಒಂದು ಮಿಲಿಮೀಟರಿನ ಆಸುಪಾಸು ಇದೆ. ಕೂಡುವ ಜಾಗಕ್ಕೆ ಬರುತ್ತಾ ಬರುತ್ತಾ ಅದೇ ಗೋಡೆ ಮೂರು, ನಾಲ್ಕು ಮಿಲಿಮೀಟರ್ ಆಗಿದೆ. ಪದರದ ಮೇಲೆ ಪದರ, ಚಿರೋಟಿ ಮುರಿದಾಗ ಕಾಣುವ ಹಾಗೆ.

ಇವತ್ತು ನಾನು ಮಾತಾಡುವುದು ಆ ದಪ್ಪಗಾದ ಜಾಗದ ಬಗ್ಗೆ. ನಂದಿ ಬೆಟ್ಟದ ಬುಡದಲ್ಲಿ ಬೆಳಿಗ್ಗೆ ಆರು ಗಂಟೆಗೆ ಯಾರಾದರೂ ಇಟಲಿಯ ಸೈಕಲ್ ತಂದು ನಿಲ್ಲಿಸಿದರೆ, ಸುತ್ತ ನಿಂತವರು ಮೊದಲು ಮಾಡುವುದೇನು? ಒಂದು ಕೈಯಲ್ಲಿ ಎತ್ತಿ ನೋಡುತ್ತಾರೆ. "ಎಷ್ಟು ಕೆಜಿ?" ಅಂತಾರೆ. ನಾನೂ ಅದನ್ನೇ ಕೇಳುತ್ತಿದ್ದೆ. ಆದರೆ ತೂಕದ ದಾರಿಯಲ್ಲಿ ಹೋದರೆ ಈ ಕಥೆ ನಮಗೆ ಸಿಗುವುದಿಲ್ಲ.

ಯಾಕೆ ಅಂತ ಒಂದು ಲೆಕ್ಕ ಹೇಳುತ್ತೇನೆ. 1972ರ ಅಕ್ಟೋಬರಿನಲ್ಲಿ ಬೆಲ್ಜಿಯಂನ ಸವಾರ ಎಡ್ಡಿ ಮೆರ್ಕ್ಸ್ ಮೆಕ್ಸಿಕೋ ಸಿಟಿಯಲ್ಲಿ ಗಂಟೆ ದಾಖಲೆ ಮಾಡಿದರು, ಅಂದರೆ ಒಂದು ಗಂಟೆಯಲ್ಲಿ ಎಲ್ಲರಿಗಿಂತ ಹೆಚ್ಚು ದೂರ, 49.431 ಕಿಲೋಮೀಟರ್. ಆ ಸೈಕಲ್ ಕಟ್ಟಿದವರು ಎರ್ನೆಸ್ಟೊ ಕೊಲ್ನಾಗೊ. ಅದರ ತೂಕ 5.75 ಕೆಜಿ. ಫ್ರೇಮು ಉಕ್ಕಿನದು! ತೂಕ ಇಳಿಸೋಕೆ ಚೈನಿನ ಕೊಂಡಿಗಳಿಗೂ ತೂತು ಕೊರೆದಿದ್ದರು. ಟ್ರ್ಯಾಕ್ ಸೈಕಲ್ ಅಲ್ವಾ, ಬ್ರೇಕಿಲ್ಲ, ಗೇರಿಲ್ಲ, ಅದು ಬೇರೆ ಮಾತು. ಈಗ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆಯ ನಿಯಮ ನೋಡಿ. 2000ನೇ ಇಸವಿಯಿಂದ ರೇಸಿನ ಸೈಕಲ್ 6.8 ಕೆಜಿಗಿಂತ ಹಗುರ ಇರುವ ಹಾಗಿಲ್ಲ. ಅಂದರೆ ಇವತ್ತು ಅರಬರ ಹಣ, ಜಪಾನಿನ ನೂಲು, ತೈವಾನಿನ ಅಚ್ಚು ಎಲ್ಲ ಸೇರಿ ತಯಾರಾದ ಸೈಕಲ್ಲು ಮೆರ್ಕ್ಸ್ ಅವರ ಉಕ್ಕಿನ ಸೈಕಲ್ಲಿಗಿಂತ ಭಾರ. ಹಾಗಿದ್ದ ಮೇಲೆ ಐವತ್ತು ವರ್ಷದಲ್ಲಿ ಬದಲಾಗಿದ್ದೇನು?

ಉಕ್ಕಿನ ಕಾಲದಿಂದಲೇ ಶುರು ಮಾಡೋಣ. ನಿಮ್ಮ ತಾತನ ಅಟ್ಲಾಸ್ ಸೈಕಲ್ ನೆನಪಿದೆಯಾ? ಕೊಳವೆಗಳು ಸೇರುವ ಕಡೆ ಒಂದು ಕವಚದ ಥರ ಇರುತ್ತಿತ್ತು. ಅದು ಲಗ್. ಕೊಳವೆಯನ್ನು ಲಗ್ಗಿನೊಳಗೆ ತೂರಿಸಿ, ಬೆಂಕಿಯಲ್ಲಿ ಕಾಯಿಸಿ, ಸಂದಿಗೆ ಹಿತ್ತಾಳೆ ಕರಗಿಸಿ ಬಿಡುತ್ತಿದ್ದರು. ಮಿಲಾನ್ ಸುತ್ತಮುತ್ತ ಮಾಡುತ್ತಿದ್ದುದೂ ಅದೇ ಕೆಲಸ, ಕೈ ಮಾತ್ರ ಇನ್ನೂ ನಾಜೂಕು. ಕುಸಾನೊ ಮಿಲಾನಿನೊದಲ್ಲಿ ಉಗೊ ದೆ ರೋಜಾ 1953ರಲ್ಲಿ ಶುರು ಮಾಡಿದರು. ಕಾಂಬಿಯಾಗೊ ಅನ್ನುವ ಊರಲ್ಲಿ 1954ರಲ್ಲಿ ಕೊಲ್ನಾಗೊ ಶುರು ಮಾಡಿದರು. ಅವರ ಗುರುತು ಇಸ್ಪೀಟಿನ ಕಳಾವರ್ ಎಕ್ಕ, ನೀವೆಲ್ಲ ನೋಡಿರುತ್ತೀರಿ. ಇವರೆಲ್ಲ ಹೆಚ್ಚಾಗಿ ಕೊಳವೆ ಕೊಳ್ಳುತ್ತಿದ್ದುದು ಮಿಲಾನಿನ ಒಂದೇ ಕಡೆಯಿಂದ, ಕೊಲಂಬಸ್ ಅನ್ನುವ ಕಂಪನಿಯಿಂದ. ಎಲ್ಲರದೂ ಅದೇ ಕೊಳವೆ ಅಂದಮೇಲೆ ಒಬ್ಬನ ಸೈಕಲ್ಲಿಗೂ ಇನ್ನೊಬ್ಬನದಕ್ಕೂ ವ್ಯತ್ಯಾಸ ಎಲ್ಲಿತ್ತು? ಕೋನ ಎಷ್ಟಿಡುತ್ತಾನೆ, ಲಗ್ ಎಷ್ಟು ತೆಳ್ಳಗೆ ಅರೆಯುತ್ತಾನೆ, ಬೆಸುಗೆಯಲ್ಲಿ ಎಷ್ಟು ಕಾಯಿಸುತ್ತಾನೆ ಅನ್ನುವುದರಲ್ಲಿ. ಜಾಸ್ತಿ ಕಾಯಿಸಿದರೆ ತೆಳು ಉಕ್ಕು ಕೆಡುತ್ತದೆ. ಇಟಲಿಯವರ ಹೆಸರು ಬಂದದ್ದೇ ಆ ಕೂಡುವ ಜಾಗದಲ್ಲಿ.

ಅದಕ್ಕೇ ಕಾರ್ಬನ್ ಬಂದಾಗ ಅವರು ಅದನ್ನು ನೋಡಿದ್ದೂ ಅದೇ ಕಣ್ಣಲ್ಲಿ. ಸರಿ, ಕೊಳವೆ ಬಂತು, ಕೂಡಿಸೋದು ಹೇಗೆ?

ಕಾರ್ಬನ್ ಅಂದರೆ ಏನು ಅಂತ ಒಂದು ನಿಮಿಷ. ಬಿದಿರನ್ನು ನೆನಪಿಸಿಕೊಳ್ಳಿ. ಎರಡೂ ತುದಿ ಹಿಡಿದು ಎಳೆಯಿರಿ, ಆನೆ ಬಂದರೂ ಕಿತ್ತುಬರಲ್ಲ. ಅದೇ ಬಿದಿರಿನ ತಲೆ ಮೇಲೆ ಮಚ್ಚಿಟ್ಟು ಒಂದು ಏಟು ಕೊಡಿ, ಉದ್ದಕ್ಕೆ ಸಿಗಿದು ಹೋಗುತ್ತದೆ. ನಾರಿನ ದಿಕ್ಕಿನಲ್ಲಿ ಶಕ್ತಿ, ಅಡ್ಡಕ್ಕೆ ಇಲ್ಲ. ಕಾರ್ಬನ್ ನೂಲೂ ಹಾಗೇ. ಅದಕ್ಕೆ ಒಂದು ಪದರ ಉದ್ದಕ್ಕೆ, ಒಂದು ಓರೆಯಾಗಿ, ಇನ್ನೊಂದು ಅಡ್ಡಕ್ಕೆ ಅಂತ ಹಾಕುತ್ತಾ ಹೋಗಬೇಕು, ನಡುವೆ ಅಂಟು. ನೇರ ಕೊಳವೆಯಲ್ಲಿ ಈ ಕೆಲಸ ಸುಲಭ. ಮೂರು ಕೊಳವೆ ಬಂದು ಕೂಡುವಲ್ಲಿ ಬಲ ಎಲ್ಲ ದಿಕ್ಕಿನಿಂದಲೂ ಬರುತ್ತದೆ. ಇನ್ನು ಕಾರ್ಬನ್ನಿಗೆ ಬೆಸುಗೆ ಹಾಕೋಣ ಅಂದರೆ ಅದೂ ಆಗದು, ಸುಟ್ಟುಹೋಗುತ್ತದೆ.

ಹಾಗಾಗಿ ಮೊದಲ ಉಪಾಯ: ಅಂಟು. ಪಾದೋವ ಕಡೆಯ ಅಲಾನ್ ಅನ್ನುವ ಕಂಪನಿ 1970ರ ದಶಕದಲ್ಲಿ ಅಲ್ಯೂಮಿನಿಯಂ ಕೊಳವೆಗಳನ್ನು ಅಲ್ಯೂಮಿನಿಯಂ ಲಗ್ಗಿಗೆ ಅಂಟಿಸಿ ಫ್ರೇಮ್ ಮಾಡುತ್ತಿತ್ತು. ಅದೇ ದಶಕದಲ್ಲಿ ಕೊಳವೆ ಬದಲಾಯಿಸಿ ಕಾರ್ಬನ್ ಹಾಕಿದರು, ಲಗ್ ಮಾತ್ರ ಅಲ್ಯೂಮಿನಿಯಂದೇ ಉಳಿಯಿತು. ನೋಡೋಕೆ ಬಲು ಚಂದ. ಕಪ್ಪು ಕೊಳವೆ, ಬೆಳ್ಳಿ ಬಣ್ಣದ ಕೀಲು. ಆದರೆ ಕಾರ್ಬನ್ನಿಗೂ ಅಲ್ಯೂಮಿನಿಯಂಗೂ ಆಗಿಬರಲ್ಲ. ಎರಡೂ ತಾಗಿಕೊಂಡಿದ್ದು ನಡುವೆ ಬೆವರೋ ಮಳೆನೀರೋ ಸೇರಿದರೆ ಬ್ಯಾಟರಿಯ ಹಾಗೆ ಕೆಲಸ ಶುರುವಾಗುತ್ತದೆ. ಅಲ್ಯೂಮಿನಿಯಂ ಕರಗುತ್ತಾ ಬಿಳಿ ಪುಡಿಯಾಗುತ್ತದೆ. ನಾನು ಒಮ್ಮೆ ಅಂಥ ಒಂದು ಹಳೆಯ ಫ್ರೇಮನ್ನು ಕೈಯಲ್ಲಿ ಹಿಡಿದು ನೋಡಿದ್ದೆ. ಕೀಲಿನ ಅಂಚಿನಲ್ಲಿ ಸುಣ್ಣ ಬಳಿದ ಹಾಗೆ ಬಿಳಿಗೆರೆ. ಮೆಲ್ಲಗೆ ತಿರುಚಿದರೆ ಕೊಳವೆ ಕಿರ್ ಅನ್ನುತ್ತಿತ್ತು. ಕೊಳವೆಗೆ ಏನೂ ಆಗಿರಲಿಲ್ಲ. ಸೋತಿದ್ದು ಕೀಲು.

ಮುಂದಿನ ಹೆಜ್ಜೆ ಇಟ್ಟಿದ್ದು ಕೊಲ್ನಾಗೊ, ಅದೂ ಫೆರಾರಿ ಜೊತೆ ಸೇರಿ. ಹೌದು, ಕಾರಿನ ಫೆರಾರಿಯೇ. 1980ರ ದಶಕದ ನಡುವಿಗೆ ಫಾರ್ಮುಲಾ ಒನ್ ಕಾರುಗಳು ಕಾರ್ಬನ್ನಿಗೆ ಬಂದಾಗಿತ್ತು, ಫೆರಾರಿಯ ಎಂಜಿನಿಯರುಗಳಿಗೆ ಅದರ ಒಳಹೊರಗು ಗೊತ್ತಿತ್ತು. ಕೊಲ್ನಾಗೊ ತಾವೇ ಆ ಎಂಜಿನಿಯರುಗಳ ಹತ್ತಿರ ಹೋದರು. ಇಲ್ಲೊಂದು ಕಥೆ ಹೇಳುತ್ತಾರೆ. ಎನ್ಝೊ ಫೆರಾರಿ ಸೈಕಲ್ ನೋಡಿ, ಮುಂದಿನ ಚಕ್ರ ಹಿಡಿಯುವ ಈ ಫೋರ್ಕ್ ಯಾಕೆ ಬಾಗಿಸಿದ್ದೀರಿ ಅಂತ ಕೇಳಿದರಂತೆ. ಕೊಲ್ನಾಗೊ, ರಸ್ತೆಯ ಏಟು ತಡೆಯೋಕೆ ಅಂದರಂತೆ. ಆಮೇಲೆ ಪರೀಕ್ಷೆ ಮಾಡಿ ನೋಡಿದರೆ ನೇರ ಫೋರ್ಕೇ ಆ ಕೆಲಸವನ್ನು ಚೆನ್ನಾಗಿ ಮಾಡುತ್ತಿತ್ತು. ಅಲ್ಲಿಂದ ಕೊಲ್ನಾಗೊ ನೇರ ಫೋರ್ಕ್ ಹಾಕಲು ಶುರು ಮಾಡಿದರು. ನೀವು ಇವತ್ತು ಓಡಿಸುವ ಹೆಚ್ಚುಕಡಿಮೆ ಎಲ್ಲ ರೋಡ್ ಬೈಕುಗಳ ಫೋರ್ಕೂ ನೇರ, ಗಮನಿಸಿ ನೋಡಿ. ನೂರು ವರ್ಷ ಎಲ್ಲರೂ ಬಾಗಿಸಿಕೊಂಡೇ ಬಂದಿದ್ದರು, ಹೊರಗಿನವನೊಬ್ಬ ಬಂದು ಯಾಕೆ ಅಂತ ಕೇಳಬೇಕಾಯಿತು.

ಕಂಪನಿಗೆ 35 ತುಂಬಿದಾಗ, 1989ರಲ್ಲಿ, ಫೆರಾರಿ ಜೊತೆ ಮಾಡಿದ ಸಿ35 ಬಂತು. ಅದು ಹೆಚ್ಚಾಗಿ ಗಾಜಿನ ಬೀರುವಿನಲ್ಲಿಡುವ ಸೈಕಲ್. ನಿಜವಾದ ಕೆಲಸದ ಸೈಕಲ್ ಬಂದದ್ದು 40 ತುಂಬಿದಾಗ, 1994ರಲ್ಲಿ. ಸಿ40. ಇದರಲ್ಲಿ ಕೊಲ್ನಾಗೊ ಮಾಡಿದ್ದು ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಲಗ್ಗನ್ನೂ ಕಾರ್ಬನ್ನಿನಲ್ಲೇ ಮಾಡಿದರು. ಕಾರ್ಬನ್ ಕೊಳವೆ, ಕಾರ್ಬನ್ ಲಗ್, ನಡುವೆ ಅಂಟು. ಬಿಳಿ ಪುಡಿಯ ಕಾಟ ಹೋಯಿತು. ಬಿಸಿಲಿಗೆ ಹಿಗ್ಗುವುದೂ ಚಳಿಗೆ ಕುಗ್ಗುವುದೂ ಎರಡಕ್ಕೂ ಒಂದೇ ಅಳತೆಯಾಯಿತು. ಇದರ ಜೊತೆಗೆ ಉಕ್ಕಿನ ಕಾಲದ ಒಂದು ಸುಖವೂ ಉಳಿಯಿತು. ಕೊಳವೆ ಕತ್ತರಿಸಿ ಕೂಡಿಸುವುದಾದ್ದರಿಂದ ಒಂದೊಂದು ಸೆಂಟಿಮೀಟರಿನ ಅಂತರದಲ್ಲಿ ಬೇರೆ ಬೇರೆ ಅಳತೆ ಮಾಡಬಹುದಿತ್ತು. ಅಂಗಿ ಹೊಲಿಸಿದ ಹಾಗೆ.

ಈಗ ಪರೀಕ್ಷೆ. ಉತ್ತರ ಫ್ರಾನ್ಸಿನ ಪ್ಯಾರಿಸ್–ರೂಬೆ ರೇಸು ಗೊತ್ತಲ್ಲ? ಸುಮಾರು 260 ಕಿಲೋಮೀಟರು, ಅದರಲ್ಲಿ 50ಕ್ಕೂ ಹೆಚ್ಚು ಕಿಲೋಮೀಟರ್ ಕಲ್ಲು ಹಾಸಿದ ಹೊಲದ ದಾರಿ. ನಮ್ಮಲ್ಲಿ ಮಳೆಗಾಲ ಮುಗಿದ ಮೇಲೆ ಕೆಲವು ರಸ್ತೆಗಳು ಹಾಗೇ ಇರುತ್ತವೆ, ಆದರೆ ಅದನ್ನು ನಾವು ರೇಸು ಅನ್ನುವುದಿಲ್ಲ. 1995ರಲ್ಲಿ ಮಾಪೇಯಿ ತಂಡ ಸಿ40 ಹತ್ತಿ ಅಲ್ಲಿಗೆ ಹೊರಟಾಗ ತಂಡದ ಮಾಲೀಕ ಜಾರ್ಜೊ ಸ್ಕ್ವಿನ್ಸಿಗೆ ಕೈಕಾಲು ನಡುಗಿತು. ಮುರಿದುಹೋದರೆ? ಕೊಲ್ನಾಗೊ ಮುರಿಯಲ್ಲ ಅಂತ ಮಾತು ಕೊಟ್ಟರು. ಫ್ರಾಂಕೊ ಬಲ್ಲೆರಿನಿ ಗೆದ್ದರು. ಮರುವರ್ಷ ಇನ್ನೂ ಜೋರು. ಮಾಪೇಯಿಯ ಮೂವರೇ ಒಟ್ಟಿಗೆ ಮುಂದೆ ಬಂದುಬಿಟ್ಟರು: ಮ್ಯುಸೀವ್, ಬೊರ್ತೊಲಾಮಿ, ತಾಫಿ. ಯಾರು ಮೊದಲು ಬರಬೇಕು ಅಂತ ಮಿಲಾನಿನಲ್ಲಿದ್ದ ಸ್ಕ್ವಿನ್ಸಿಯನ್ನು ಫೋನಿನಲ್ಲಿ ಕೇಳಿ ತೀರ್ಮಾನಿಸಿದರು! ಮ್ಯುಸೀವ್ ಮೊದಲಾದರು. ಅದು ಸರಿಯಾ ತಪ್ಪಾ ಅಂತ ಸೈಕಲ್ ಮಂದಿ ಇವತ್ತಿಗೂ ಜಗಳ ಆಡುತ್ತಾರೆ. ನನಗೆ ಬೇಕಾದ್ದು ಬೇರೆ ವಿಷಯ. ಆ ಕಲ್ಲುಗಳ ಮೇಲೆ ಮೂರು ಕಾರ್ಬನ್ ಫ್ರೇಮುಗಳು ಒಟ್ಟಿಗೆ ಹೋಗಿ ಮುಟ್ಟಿದವು, ಒಂದರ ಕೀಲೂ ಬಿಚ್ಚಲಿಲ್ಲ. 1995ರಿಂದ 2000ದವರೆಗೆ ಆರು ರೂಬೆಗಳಲ್ಲಿ ಐದನ್ನು ಮಾಪೇಯಿ ಗೆದ್ದಿತು.

ಇಷ್ಟಾದ ಮೇಲೆ ಎಲ್ಲರೂ ಕಾರ್ಬನ್ನಿಗೆ ಹಾರಿದರು ಅಂದುಕೊಂಡಿರಾ? ಇಲ್ಲ. 1998ರಲ್ಲಿ ಮಾರ್ಕೊ ಪಂತಾನಿ ಒಂದೇ ವರ್ಷ ಇಟಲಿ ಸುತ್ತುವ ಜಿರೊ, ಫ್ರಾನ್ಸ್ ಸುತ್ತುವ ಟೂರ್ ಎರಡೂ ರೇಸು ಗೆದ್ದರಲ್ಲ, ಅದು ಬಿಯಾಂಕಿ ಕಂಪನಿಯ ಅಲ್ಯೂಮಿನಿಯಂ ಸೈಕಲ್ಲಿನ ಮೇಲೆ. ಅಲ್ಯೂಮಿನಿಯಂ ಅಗ್ಗ, ಗಟ್ಟಿ, ಬೆಸುಗೆ ಹಾಕಿದರೆ ಆಯಿತು. ಇಟಲಿಯದೇ ಇನ್ನೊಂದು ಕಂಪನಿ ಪಿನರೆಲ್ಲೊದ ಕಥೆ ಇನ್ನೂ ತಮಾಷೆ. 1994ರಲ್ಲಿ ಸ್ಪೇನಿನ ಮಿಗೆಲ್ ಇಂದುರೈನ್ ಟೂರ್ ಗೆದ್ದದ್ದು ಪಿನರೆಲ್ಲೊದ ಉಕ್ಕಿನ ಸೈಕಲ್ಲಿನಲ್ಲಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬೋರ್ದೋದಲ್ಲಿ ಅವರು 53.040 ಕಿಲೋಮೀಟರಿನ ಗಂಟೆ ದಾಖಲೆ ಮಾಡಿದ್ದು ಪಿನರೆಲ್ಲೊದ್ದೇ ಎಸ್ಪಾದಾ ಮೇಲೆ. ಅದು ಒಂದೇ ತುಂಡಾಗಿ ಅಚ್ಚು ಹಾಕಿದ ಕಾರ್ಬನ್. ಕೊಳವೆಯೂ ಇಲ್ಲ, ಲಗ್ಗೂ ಇಲ್ಲ. ಒಂದೇ ಸವಾರ, ಒಂದೇ ಅಂಗಡಿ, ಎರಡು ಯುಗ.

ಪಿನರೆಲ್ಲೊ ಹೆಸರು ಬಂದಿದೆ, ದಾರಿ ಬಿಟ್ಟು ಎರಡು ನಿಮಿಷ ಆಚೆ ಹೋಗುತ್ತೇನೆ. ಜೊವಾನಿ ಪಿನರೆಲ್ಲೊ ಸ್ವತಃ ರೇಸಿನವರು. 1951ರ ಜಿರೊದಲ್ಲಿ ಕಟ್ಟಕಡೆಗೆ ಬಂದವರು. ಆಗ ಕೊನೆಯವನಿಗೂ ಒಂದು ಕಪ್ಪು ಜೆರ್ಸಿ ಕೊಡುತ್ತಿದ್ದರು, ಅದು ಇವರಿಗೆ ಸಿಕ್ಕಿತು. ಮರುವರ್ಷ ಅವರ ತಂಡ, ನಿನ್ನ ಜಾಗವನ್ನು ಇನ್ನೊಬ್ಬ ಸವಾರನಿಗೆ ಬಿಟ್ಟುಕೊಡು ಅಂತ ಹೇಳಿ ಕೈಗೆ ಒಂದು ಲಕ್ಷ ಲೀರಾ ಕೊಟ್ಟಿತು. ಆ ದುಡ್ಡಿನಲ್ಲಿ ತ್ರೆವಿಸೊದಲ್ಲಿ ಸೈಕಲ್ ಅಂಗಡಿ ಹಾಕಿದರು. ಇವತ್ತು ಲಕ್ಷಗಟ್ಟಲೆ ರೂಪಾಯಿಗೆ ಮಾರುವ ಪಿನರೆಲ್ಲೊದ ದೊಗ್ಮಾ ಸೈಕಲ್ ಹುಟ್ಟಿದ್ದು ಕೊನೆಯ ಸ್ಥಾನದ ದುಡ್ಡಿನಿಂದ. ನನಗೆ ಈ ಕಥೆ ಎಷ್ಟು ಸಲ ಹೇಳಿದರೂ ಬೇಜಾರಾಗಲ್ಲ.

ದೊಗ್ಮಾ ಕೂಡ ಹುಟ್ಟುತ್ತಲೇ ಕಾರ್ಬನ್ ಅಲ್ಲ. 2002ರಲ್ಲಿ ಬಂದಾಗ ಅದು ಮೆಗ್ನೀಸಿಯಂ. 2009ರಲ್ಲಿ ದೊಗ್ಮಾ 60.1 ಕಾರ್ಬನ್ನಿನಲ್ಲಿ ಬಂತು. ನೂಲು ಜಪಾನಿನ ಟೊರೇ ಕಂಪನಿಯದು. ಅದರಲ್ಲಿ ಒಂದು ಒಳ್ಳೆಯ ಯೋಚನೆ ಇತ್ತು. ಸೈಕಲ್ಲಿನ ಚೈನು ಬಲಗಡೆ ಮಾತ್ರ ಇರುತ್ತದೆ, ಎಳೆತವೆಲ್ಲ ಬಲಕ್ಕೆ. ಹಾಗಿರುವಾಗ ಫ್ರೇಮಿನ ಎಡಬಲ ಒಂದೇ ಥರ ಯಾಕಿರಬೇಕು? ಎಡದ ಕೊಳವೆ ಒಂದು ಆಕಾರ, ಬಲದ್ದು ಇನ್ನೊಂದು. ಹಿಂದೆ ನಿಂತು ನೋಡಿದರೆ ಸೊಟ್ಟಗಿರುವ ಹಾಗೆ ಕಾಣುತ್ತದೆ, ಮೊದಲ ಸಲ ನೋಡಿದವರು ಆಕ್ಸಿಡೆಂಟ್ ಆಗಿದೆಯೇನೋ ಅಂತಾರೆ. ಆಮೇಲೆ 2014ರಲ್ಲಿ ಜಾಗ್ವಾರ್ ಕಾರಿನವರ ಜೊತೆ ಸೇರಿ ಮಾಡಿದ ಎಫ್8 ಬಂತು. ಕಂಪನಿ ಹೇಳಿದ ಫ್ರೇಮಿನ ತೂಕ 860 ಗ್ರಾಂ. 2012ರಿಂದ 2019ರವರೆಗೆ ಎಂಟು ಟೂರುಗಳಲ್ಲಿ ಏಳನ್ನು ಪಿನರೆಲ್ಲೊ ಸೈಕಲ್ಲುಗಳೇ ಗೆದ್ದವು. ಎಲ್ಲ ಒಂದೇ ಬ್ರಿಟಿಷ್ ತಂಡದ್ದು, ತಂಡದ ಹತ್ತಿರ ದುಡ್ಡೂ ಚೆನ್ನಾಗಿತ್ತು ಅನ್ನಿ.

ಹೀಗೆ ಒಂದೇ ತುಂಡಾಗಿ ಅಚ್ಚು ಹಾಕಿದ ಫ್ರೇಮಿಗೆ ಮಾನೊಕಾಕ್ ಅಂತಾರೆ. ಮಾಡುವುದು ಹೇಗೆ ಅಂದರೆ, ಅಂಟು ಮೊದಲೇ ಹೀರಿಕೊಂಡಿರುವ ಕಾರ್ಬನ್ ಹಾಳೆ ಬರುತ್ತದೆ. ಅದನ್ನು ಫ್ರೀಜರಿನಲ್ಲಿಡಬೇಕು. ದೋಸೆ ಹಿಟ್ಟನ್ನು ಫ್ರಿಜ್ಜಿನಲ್ಲಿಡುವುದು ಯಾಕೆ? ಹೊರಗಿಟ್ಟರೆ ಹುಳಿ ಬರುತ್ತದೆ. ಇದೂ ಹಾಗೇ, ಹೊರಗಿಟ್ಟರೆ ಅಂಟು ತಾನಾಗೇ ಮೆಲ್ಲಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಹಾಳೆಯನ್ನು ನೂರಾರು ಚೂರುಗಳಾಗಿ ಕತ್ತರಿಸುತ್ತಾರೆ. ಯಾವ ಚೂರು ಎಲ್ಲಿ, ಯಾವ ದಿಕ್ಕಿನಲ್ಲಿ ಅಂತ ಚೀಟಿ ನೋಡಿಕೊಂಡು ಕೈಯಲ್ಲೇ ಒಂದೊಂದಾಗಿ ಅಂಟಿಸುತ್ತಾರೆ. ಒಳಗೆ ಬಲೂನಿನಂಥ ಚೀಲ. ಉಕ್ಕಿನ ಅಚ್ಚಿನೊಳಗಿಟ್ಟು, ಚೀಲಕ್ಕೆ ಗಾಳಿ ತುಂಬಿ, ಬಿಸಿ ಮಾಡಿದರೆ ಪದರಗಳು ಅಚ್ಚಿನ ಗೋಡೆಗೆ ಒತ್ತಿಕೊಂಡು ಬೇಯುತ್ತವೆ. ಚೀಲ ಎಲ್ಲಾದರೂ ಮಡಚಿಕೊಂಡರೆ ಅಲ್ಲೊಂದು ಸುಕ್ಕು. ಸುಕ್ಕಿದ್ದ ಕಡೆ ಮುಂದೊಂದು ದಿನ ಬಿರುಕು. ನಿಮ್ಮ ಕೈಯಲ್ಲಿರುವ ತುಂಡಿನ ಒಳಮೈ ನೋಡಿ, ನುಣ್ಣಗಿದೆ ಅಲ್ವಾ?

ಸುಕ್ಕಿನ ಪಾಠ ನಾನು ದುಡ್ಡು ಕೊಟ್ಟು ಕಲಿತದ್ದು. ಕೆಲವು ವರ್ಷದ ಹಿಂದೆ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ಫ್ರೇಮ್ ತಗೊಂಡೆ. ಮೇಲೆ ದೊಡ್ಡ ಇಟಲಿ ಹೆಸರು, ಬಣ್ಣ ಥಳಥಳ. ಬೆಲೆ ಮಾತ್ರ ಅನುಮಾನ ಬರುವಷ್ಟು ಕಡಿಮೆ. ಅನುಮಾನ ಬಂದಿರಲಿಲ್ಲ, ಆಸೆ ಬಂದಿತ್ತು. ಮನೆಗೆ ತಂದು ಪೆಡಲ್ಲಿನ ಬೇರಿಂಗ್ ಕೂರಿಸೋಕೆ ಹೋದರೆ ಹಿಡಿಯುತ್ತಿಲ್ಲ. ಒಳಗೆ ಬೆರಳಿಟ್ಟೆ. ಒದ್ದೆ ಬಟ್ಟೆ ಹಿಂಡಿಟ್ಟ ಹಾಗೆ ಸುಕ್ಕು, ಅಲ್ಲಲ್ಲಿ ಅಂಟಿನ ಗಡ್ಡೆ. ನಾಣ್ಯದಲ್ಲಿ ಕೊಳವೆಯ ಮೇಲೆ ತಟ್ಟುತ್ತಾ ಹೋದೆ. ಒಂದು ಕಡೆ ಟಣ್ ಅನ್ನುತ್ತಿತ್ತು, ಕೂಡುವ ಜಾಗದ ಹತ್ತಿರ ತೇವದ ಗೋಡೆ ತಟ್ಟಿದ ಹಾಗೆ ಟಪ್ ಟಪ್. ಪದರ ಬಿಟ್ಟಿತ್ತು. ಈ ನಕಲಿಗಳಿಗೆ ಚೈನಾ, ಪಿನರೆಲ್ಲೊ ಎರಡೂ ಸೇರಿಸಿ ಚೈನರೆಲ್ಲೊ ಅಂತ ಒಂದು ಅಡ್ಡಹೆಸರೇ ಇದೆ. ಮಾರಿದವರು ಫೋನ್ ಎತ್ತಲಿಲ್ಲ. ಆ ಫ್ರೇಮ್ ಈಗ ನಮ್ಮ ಮನೆ ಮಹಡಿಯ ಮೇಲೆ ಬಟ್ಟೆ ಒಣಗಿಸೋಕೆ ಉಪಯೋಗವಾಗುತ್ತಿದೆ.

ಆದರೆ ಇಲ್ಲಿ ಒಂದು ಮುಜುಗರದ ವಿಷಯ ಇದೆ. ಮಾನೊಕಾಕಿಗೆ ಒಂದೊಂದು ಅಳತೆಗೂ ಒಂದೊಂದು ಅಚ್ಚು ಬೇಕು, ಅಚ್ಚು ವಿಪರೀತ ದುಬಾರಿ. ಚೂರು ಅಂಟಿಸೋಕೆ ಪಳಗಿದ ಕೈಗಳು ನೂರಾರು ಬೇಕು. ಅವು ಎರಡೂ ಇದ್ದದ್ದು ತೈವಾನಿನಲ್ಲಿ. ಹಾಗಾಗಿ 2000ದ ನಂತರ ಇಟಲಿಯ ದೊಡ್ಡ ಹೆಸರುಗಳ ಹಲವು ಕಾರ್ಬನ್ ಫ್ರೇಮುಗಳು ಏಷ್ಯಾದಲ್ಲಿ ಬೆಂದು, ಬಣ್ಣ ಹಚ್ಚಿಸಿಕೊಳ್ಳಲು ಇಟಲಿಗೆ ಹೋಗತೊಡಗಿದವು. ಅದಕ್ಕೇ ಅಸಲಿ ಇಟಲಿ, ನಕಲಿ ಇಟಲಿ ಅಂತ ಗೆರೆ ಎಳೆಯುವಾಗ ನಾನು ಸ್ವಲ್ಪ ಹಿಂಜರಿಯುತ್ತೇನೆ. ಒಳ್ಳೆಯ ಕೆಲಸ ಎಲ್ಲಿ ಮಾಡಿದರೂ ಒಳ್ಳೆಯದೇ, ತೈವಾನಿನಲ್ಲಿ ಚೂರು ಅಂಟಿಸುವ ಹೆಣ್ಣುಮಕ್ಕಳ ಬೆರಳಿನ ನಾಜೂಕು ಕಡಿಮೆಯದಲ್ಲ. ನನ್ನ ತಕರಾರು ಅವರ ಹೆಸರು ಎಲ್ಲೂ ಬರುವುದಿಲ್ಲ ಅನ್ನುವುದು.

ಎಲ್ಲರೂ ಹೋಗಲಿಲ್ಲ ಅನ್ನುವುದೂ ನಿಜ. ವೆನಿಸ್ ಹತ್ತಿರ ಸಾರ್ತೊ ಅನ್ನುವ ಮನೆತನ ಇದೆ. ತುಂಬಾ ವರ್ಷ ಬೇರೆಯವರ ಹೆಸರಿಗೆ ಫ್ರೇಮ್ ಮಾಡಿಕೊಟ್ಟವರು, ಆಮೇಲೆ ತಮ್ಮದೇ ಹೆಸರು ಹಾಕಿಕೊಂಡರು. ಇವರು ಲಗ್ಗೂ ಹಾಕುವುದಿಲ್ಲ, ಇಡೀ ಅಚ್ಚೂ ಹಾಕುವುದಿಲ್ಲ. ಕೊಳವೆಯ ತುದಿಯನ್ನು ಇನ್ನೊಂದರ ಬೆನ್ನಿಗೆ ಸರಿಯಾಗಿ ಕೂರುವ ಹಾಗೆ ಅರೆದು, ಸಂದಿಯ ಮೇಲೆ ಕಾರ್ಬನ್ ಹಾಳೆ ಸುತ್ತಿ ಬೇಯಿಸುತ್ತಾರೆ. ಮುರಿದ ಕೈಗೆ ಪುತ್ತೂರು ಕಟ್ಟು ಹಾಕಿದ ಹಾಗೆ. ನಿಮ್ಮ ಮೈ ಅಳತೆಗೇ ಮಾಡಿಕೊಡುತ್ತಾರೆ. ಇಟಾಲಿಯನ್ನಿನಲ್ಲಿ ಸಾರ್ತೊ ಅಂದರೆ ದರ್ಜಿ ಅಂತ ಅರ್ಥ. ಮನೆತನದ ಹೆಸರು ಅದು, ವ್ಯಾಪಾರಕ್ಕೆ ಇಟ್ಟುಕೊಂಡದ್ದಲ್ಲ.

ಕೊಲ್ನಾಗೊ ಕೂಡ ಎರಡು ದೋಣಿಯಲ್ಲಿ ಕಾಲಿಟ್ಟರು. ಸಿ ಸಾಲು ಲಗ್ ಹಾಕಿಯೇ ಕಾಂಬಿಯಾಗೊದಲ್ಲಿ ನಡೆದುಕೊಂಡು ಬಂತು: ಸಿ50, ಸಿ59, ಸಿ60, ಸಿ64. ಜೊತೆಗೆ ಏಷ್ಯಾದಲ್ಲಿ ಅಚ್ಚು ಹಾಕಿಸಿದ ವಿ ಸಾಲು. 2020ರ ಸೆಪ್ಟೆಂಬರಿನಲ್ಲಿ ಟೂರ್ ಮುಗಿಯುವ ಹಿಂದಿನ ದಿನ ಸ್ಲೊವೇನಿಯಾದ ಸವಾರ ತಾದೆಯ್ ಪೊಗಾಚಾರ್ ಬೆಟ್ಟದ ಬುಡದಲ್ಲಿ ಸೈಕಲ್ ಬದಲಾಯಿಸಿ ಏರಿದ್ದನ್ನು ನಿಮ್ಮಲ್ಲಿ ಹಲವರು ಟಿವಿಯಲ್ಲಿ ನೋಡಿರುತ್ತೀರಿ. ಅದು ಕೊಲ್ನಾಗೊ ಹೆಸರಿಗೆ ಬಂದ ಮೊತ್ತಮೊದಲ ಟೂರ್ ಗೆಲುವು. ಎರ್ನೆಸ್ಟೊಗೆ ಆಗ 88 ವರ್ಷ. ಗೆದ್ದದ್ದು ಲಗ್ ಹಾಕಿದ ಸಿ64 ಅಲ್ಲ, ಅಚ್ಚಿನ ವಿ3ಆರ್‌ಎಸ್. ಆ ವರ್ಷವೇ ಕಂಪನಿಯ ಹೆಚ್ಚಿನ ಪಾಲು ಅಬುಧಾಬಿಯವರ ಕೈಗೆ ಹೋಗಿಯೂ ಆಗಿತ್ತು. ಅರವತ್ತಾರು ವರ್ಷ ಕಾದ ಮನುಷ್ಯನಿಗೆ ಆ ಸಂಜೆ ಏನನ್ನಿಸಿತೋ.

2022ರಲ್ಲಿ ಬಂದ ಸಿ68 ನೋಡಿದರೆ ಮಾನೊಕಾಕ್ ಅಂತಲೇ ಅನ್ನಿಸುತ್ತದೆ. ಎಲ್ಲೂ ಕೀಲು ಕಾಣುವುದಿಲ್ಲ. ಆದರೆ ಒಳಗೆ ಬೇರೆ ಬೇರೆ ಭಾಗಗಳನ್ನೇ ಕೂಡಿಸಿರುತ್ತಾರೆ. ಲಗ್ ಹೋಗಿಲ್ಲ, ಬಣ್ಣದ ಅಡಿಯಲ್ಲಿ ಅಡಗಿದೆ.

ಕೊನೆಯದಾಗಿ ಮತ್ತೆ ಗಂಟೆ ದಾಖಲೆಗೆ ಬರುತ್ತೇನೆ. 2022ರ ಅಕ್ಟೋಬರ್ 8ರಂದು ಸ್ವಿಜರ್ಲೆಂಡಿನ ಗ್ರೆಂಖೆನ್‌ನಲ್ಲಿ ಇಟಲಿಯ ಸವಾರ ಫಿಲಿಪ್ಪೊ ಗನ್ನಾ 56.792 ಕಿಲೋಮೀಟರ್ ಓಡಿಸಿದರು. ಸೈಕಲ್ ಪಿನರೆಲ್ಲೊ. ಇಷ್ಟು ಹೊತ್ತು ಕಾರ್ಬನ್ ಕಾರ್ಬನ್ ಅಂದಿದ್ದೇನಲ್ಲ, ಆ ಫ್ರೇಮು ಕಾರ್ಬನ್ ಅಲ್ಲ. ಸ್ಕ್ಯಾಂಡಿಯಂ ಅನ್ನುವ ಲೋಹ ಬೆರೆಸಿದ ಅಲ್ಯೂಮಿನಿಯಂ ಪುಡಿಯಿಂದ ತ್ರೀಡಿ ಮುದ್ರಣ ಮಾಡಿದ್ದು. ಇಡೀ ಫ್ರೇಮನ್ನು ಒಂದೇ ಸಲಕ್ಕೆ ಮುದ್ರಿಸಲಿಲ್ಲ. ತುಂಡು ತುಂಡಾಗಿ ಮುದ್ರಿಸಿದರು. ಆಮೇಲೆ ಆ ಅಲ್ಯೂಮಿನಿಯಂ ತುಂಡುಗಳನ್ನು ಪಾದೋವ ಕಡೆಯವರು ಐವತ್ತು ವರ್ಷದ ಹಿಂದೆ ಮಾಡುತ್ತಿದ್ದ ಹಾಗೆಯೇ ಅಂಟು ಹಾಕಿ ಕೂಡಿಸಿದರು.